ಕಾಣದ ಕಿರಣಕ್ಕೆ ಬಾಗಿಲು ಕಾಯುವ ರೇಣುಕಪ್ರಸಾದ್

ಬೆಳಗಿನ ಆರು ಗಂಟೆ. ಹಾರಂಗಿ ನಾಲೆಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಕುಶಾಲನಗರದ ಹೊರಗಿರುವ ಆ ಚಿಕ್ಕ ಟ್ರಸ್ಟ್ ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬರುವ ರೇಣುಕಪ್ರಸಾದ್, ಸೈಕಲ್ಲಿನ ಕೀಲಿಯನ್ನು ಜೇಬಿಗಿಳಿಸಿ ಎಕ್ಸ್‌ರೇ ಕೋಣೆಯ ಬೀಗ ತೆಗೆಯುತ್ತಾರೆ. ನೆಲ ಒರೆಸುತ್ತಾರೆ. ಬಾಗಿಲ ಮೇಲಿನ ಕೆಂಪು ದೀಪ ಹತ್ತುತ್ತದೆಯೇ ಎಂದು ಒಮ್ಮೆ ನೋಡುತ್ತಾರೆ. ಆಮೇಲೆ ಗೋಡೆಗೆ ಹಾಕಿದ ಮರದ ಕೋಲುಗಳ ಮೇಲೆ ತೂಗುವ, ಕಿರಣ ತಡೆಯುವ ಸೀಸದ ಏಪ್ರನ್‌ಗಳ ಬಳಿಗೆ ಹೋಗಿ, ದನದ ಮೈ ಸವರುವವರ ಹಾಗೆ, ಒಂದೊಂದರ ಮೇಲೂ ಅಂಗೈ ಇಳಿಸುತ್ತಾರೆ.

“ಇವನ್ನ ಮಡಚಬಾರ್ದು. ಮಡಚಿದ್ರೆ ಒಳಗಿನ ಸೀಸದ ಹಾಳೆ ಬಿರುಕು ಬಿಡುತ್ತೆ. ಮೇಲಿಂದ ಬಟ್ಟೆ ನೆಟ್ಟಗೇ ಇರುತ್ತೆ, ಗೊತ್ತೇ ಆಗಲ್ಲ” ಎನ್ನುತ್ತಾರೆ. ಸವರುತ್ತಿರುವುದು ಬಲಗೈ. ಎಡಗೈ ಏಪ್ರನ್ನಿನ ತುದಿಯನ್ನು ಹಿಡಿದಿದೆ. ಆ ಕೈಯಲ್ಲಿ ತೋರುಬೆರಳಿಲ್ಲ, ನಡುಬೆರಳಿಲ್ಲ, ಹೆಬ್ಬೆರಳು ಅರ್ಧಕ್ಕೇ ನಿಂತಿದೆ. ಹಿಡಿತ ಮಾತ್ರ ಗಟ್ಟಿ.

ದಿನದ ಮೊದಲ ರೋಗಿ ದುಬಾರೆ ಆನೆ ಶಿಬಿರದ ಮುತ್ತ. ಆನೆಗೆ ಮೇವು ತಂದುಹಾಕುವ, ಸ್ನಾನ ಮಾಡಿಸುವ ಕಾವಾಡಿ ಕೆಲಸ ಅವರದು. ನಸುಕಿನಲ್ಲಿ ಹೊಳೆ ದಡದ ಬಂಡೆಯ ಮೇಲೆ ಜಾರಿ ಬಿದ್ದು ಪಾದದ ಗಂಟು ಊದಿಕೊಂಡಿದೆ. ಹೆಂಡತಿ ಚೋಮಿ ಗಂಡನ ಕೈಯನ್ನು ತಮ್ಮ ಭುಜದ ಮೇಲೆ ಹಾಕಿಕೊಂಡು ನಡೆಸಿಕೊಂಡು ಬಂದಿದ್ದಾರೆ. ಗಂಡನನ್ನು ಮೇಜಿನ ಮೇಲೆ ಮಲಗಿಸಿದ ಮೇಲೂ ಅವರು ಕೈ ಬಿಡುತ್ತಿಲ್ಲ.

“ನೀವು ಹೊರಗೆ ಕೂತ್ಕೊಬೇಕು ತಾಯಿ” ಎನ್ನುತ್ತಾರೆ ರೇಣುಕಪ್ರಸಾದ್.

“ನಾನು ಹಿಡ್ಕೊಂಡೇ ಇರ್ತೀನಿ. ಅವ್ರಿಗೆ ನೋವು.”

ರೇಣುಕಪ್ರಸಾದ್ ಒತ್ತಾಯ ಮಾಡುವುದಿಲ್ಲ. ಟೆಕ್ನೀಷಿಯನ್ ಕಮಲ ಅವರ ಕಡೆ ಒಮ್ಮೆ ನೋಡಿ, ಬಾಗಿಲಲ್ಲಿ ಇಣುಕುತ್ತಿದ್ದ ನೆಂಟರನ್ನು ಕರೆದುಕೊಂಡು ತಾವೇ ಹೊರಗೆ ನಡೆಯುತ್ತಾರೆ. ಹೊರಗಿನವರೆಲ್ಲ ದೂರವಾದ ಮೇಲೆ ಕಮಲ ಚೋಮಿಯ ಕಿವಿಯ ಹತ್ತಿರ ಬಾಗಿ ಏನೋ ಕೇಳುತ್ತಾರೆ. ಚೋಮಿ ತಲೆ ತಗ್ಗಿಸಿ, ಹೂಂ ಎನ್ನುತ್ತಾರೆ. ಎರಡು ತಿಂಗಳು. ಗಂಡನನ್ನು ಬಿಟ್ಟು ಇನ್ನಾರಿಗೂ ಗೊತ್ತಿಲ್ಲ. ಮರುಗಳಿಗೆಯಲ್ಲಿ ರೇಣುಕಪ್ರಸಾದ್ ಕಾರಿಡಾರಿನ ಆಚೆ ತುದಿಯಲ್ಲಿ, ಬಿಸಿಲು ಬೀಳುವ ಕಿಟಕಿಯ ಬಳಿ ಕುರ್ಚಿ ಹಾಕಿ ಅವರನ್ನು ಕೂರಿಸಿರುತ್ತಾರೆ. ಬಾಗಿಲು ಮುಚ್ಚುತ್ತದೆ, ಕೆಂಪು ದೀಪ ಹತ್ತಿ ಆರುತ್ತದೆ. ಮುತ್ತನ ಮೂಳೆ ಮುರಿದಿಲ್ಲ.

“ಯಾಕೆ ಕೇಳಿದ್ರು ಅಂತ ಆಕೆ ಯಾರಿಗೂ ಹೇಳಬೇಕಾಗಿಲ್ಲ. ನಮ್ಗೆ ಗೊತ್ತಾದ್ರೆ ಸಾಕು” ಎನ್ನುತ್ತಾರೆ ರೇಣುಕಪ್ರಸಾದ್.

ಆಸ್ಪತ್ರೆಯ ಪುಸ್ತಕದಲ್ಲಿ ಅವರ ಹುದ್ದೆ ‘ಎಕ್ಸ್‌ರೇ ಅಟೆಂಡರ್’. ಜನರನ್ನು ಒಳಗೆ ಬಿಡುವುದು, ಹೊರಗೆ ಕಳಿಸುವುದು, ಕೈಲಾಗದವರನ್ನು ಮೇಜಿನ ಮೇಲೆ ಮಲಗಿಸುವುದು, ಬಾಗಿಲು ಹಾಕುವುದು. ಸಾಮಾನ್ಯ ದಿನಗಳಲ್ಲಿ ನಲವತ್ತು ಜನ. ಕಾಫಿ ಪಿಕ್ಕಿಂಗ್, ಮೆಣಸು ಕುಯ್ಲು ಶುರುವಾದರೆ ಏಣಿಯಿಂದ ಬಿದ್ದವರೆಲ್ಲ ಸೇರಿ ಅರವತ್ತರ ಮೇಲೆ. ಅಷ್ಟು ಜನರಲ್ಲಿ ಹೆಚ್ಚಿನವರಿಗೆ ಇವರು ಒಂದು ಕಾಲಕ್ಕೆ ವಿಕಿರಣವನ್ನು ಬರಿಗೈಯಲ್ಲಿ ಎತ್ತಿಕೊಂಡವರು ಎಂಬುದು ಗೊತ್ತಿರುವುದಿಲ್ಲ.

ಶನಿವಾರಸಂತೆಯ ಆಚೆ, ಹಾಸನದ ಗಡಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಜಯಪ್ಪ, ಶಿವಮ್ಮ ದಂಪತಿಯ ಒಬ್ಬನೇ ಮಗ ಅವರು. ಮನೆಗೆ ಗದ್ದೆ ಇತ್ತು, ಒಂದಿಷ್ಟು ಕಾಫಿ ಗಿಡವೂ ಇತ್ತು. ಆದರೆ ಹುಡುಗನಿಗೆ ಯಂತ್ರದ ಹುಚ್ಚು. ಪಂಪ್‌ಸೆಟ್ ಕೆಟ್ಟರೆ ಸುತ್ತಲ ಮೂರು ಊರಿಗೂ ಅವನೇ ಬೇಕಿತ್ತು. ಐಟಿಐ ಫಿಟ್ಟರ್ ಮುಗಿಸಿದ ಮೇಲೆ ಪಕ್ಕದ ಜಿಲ್ಲೆಯಲ್ಲಿ ಗ್ಯಾಸ್ ಪೈಪ್‌ಲೈನ್ ಹಾಕುತ್ತಿದ್ದ ಕಡೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಕೆಲಸ ಸಿಕ್ಕಿತು.

ಆ ಕೆಲಸ ಬೆಸುಗೆ ಪರೀಕ್ಷೆಯದು. ಪೈಪಿಗೆ ಪೈಪು ಬೆಸೆದ ಜಾಗದಲ್ಲಿ ಒಳಗೆ ಬಿರುಕಿದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಅದಕ್ಕೇ ಪೈಪಿಗೂ ಎಕ್ಸ್‌ರೇಯಂಥದ್ದೇ ಫೋಟೋ ತೆಗೆಯುತ್ತಾರೆ. ಅಲ್ಲಿ ವಿದ್ಯುತ್ತಿನ ಯಂತ್ರವಿರುವುದಿಲ್ಲ. ಭಾರಿ ತೂಕದ ಒಂದು ಪೆಟ್ಟಿಗೆಯೊಳಗೆ ಇರಿಡಿಯಂ ಎಂಬ ಲೋಹದ ಕಿರಿಬೆರಳ ಗಿಣ್ಣಿನಷ್ಟು ತುಣುಕು ಇರುತ್ತದೆ. ಅದು ಹಗಲೂ ಇರುಳೂ ವಿಕಿರಣ ಸೂಸುತ್ತಲೇ ಇರುವ ವಸ್ತು. ದೂರ ನಿಂತು ಹಿಡಿ ತಿರುಗಿಸಿದರೆ ತಂತಿಯ ತುದಿಗೆ ಸಿಕ್ಕಿಸಿದ ಆ ತುಣುಕು ಕೊಳವೆಯೊಳಗೆ ಜಾರಿ ಬೆಸುಗೆಯ ಬಳಿಗೆ ಹೋಗುತ್ತದೆ. ಫೋಟೋ ಆದ ಮೇಲೆ ಹಿಂದಕ್ಕೆ ತಿರುಗಿಸಿದರೆ ಪೆಟ್ಟಿಗೆಗೆ ಮರಳುತ್ತದೆ. ಮರಳಿತೋ ಇಲ್ಲವೋ ಎಂದು ಹೇಳುವುದಕ್ಕೆ ಕೈಯಲ್ಲಿ ಹಿಡಿಯುವ ಒಂದು ಮೀಟರ್ ಇರುತ್ತದೆ. ಅದನ್ನು ನೋಡದೆ ಯಾರೂ ಹತ್ತಿರ ಹೋಗುವಂತಿಲ್ಲ.

“ಮೀಟರ್ ಇತ್ತು. ಬ್ಯಾಟರಿ ಸತ್ತೋಗಿತ್ತು” ಎನ್ನುತ್ತಾರೆ ರೇಣುಕಪ್ರಸಾದ್. “ಹೊಸದು ಬರುತ್ತೆ ಬರುತ್ತೆ ಅಂತ ಒಂದು ವಾರದಿಂದ ಹೇಳ್ತಿದ್ರು. ಕೆಲಸ ನಿಲ್ಸಂಗಿರ್ಲಿಲ್ಲ. ನಾವೂ ಹಂಗೇ ಅಭ್ಯಾಸ ಮಾಡ್ಕೊಂಡ್ವಿ.”

ಆಗ ಅವರಿಗೆ ಇಪ್ಪತ್ತಮೂರು. ಒಂದು ಸಂಜೆ ಕೊನೆಯ ಬೆಸುಗೆ ಮುಗಿಯಿತು. ಜೊತೆಗಿದ್ದ ಹಿರಿಯ ಕೆಲಸಗಾರ ಶಶಿಕುಮಾರ್ ಹಿಡಿ ತಿರುಗಿಸಿ ತುಣುಕನ್ನು ಒಳಗೆ ಎಳೆದುಕೊಂಡರು. ಹಾಗೆಂದುಕೊಂಡರು. ನಿಜಕ್ಕೂ ತಂತಿಯ ತುದಿ ಕಳಚಿಹೋಗಿತ್ತು, ಬರಿಯ ತಂತಿ ಮಾತ್ರ ಒಳಗೆ ಬಂದಿತ್ತು. ರೇಣುಕಪ್ರಸಾದ್ ಕೊಳವೆಯನ್ನು ಬಿಚ್ಚಿ ಬಲಭುಜಕ್ಕೆ ಹಾಕಿಕೊಳ್ಳುವಾಗ ಅದರ ಬಾಯಿಂದ ಸಣ್ಣದೊಂದು ಹೊಳೆಯುವ ಚೂರು ಮಣ್ಣಿಗೆ ಬಿತ್ತು. ಎಡಗೈಯಿಂದ ಎತ್ತಿಕೊಂಡರು. ಕೊಳವೆಯ ಯಾವುದೋ ಭಾಗ ಮುರಿದಿದೆ ಎಂದು ತಿಳಿದು, ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಎಲ್ಲಿ ಕೂರುತ್ತದೆ ಎಂದು ಕೊಳವೆಯ ತುದಿಗೆ ಹಚ್ಚಿ ನೋಡಿದರು. ಯಂತ್ರದ ಹುಚ್ಚಿನವರಲ್ಲವೇ, ಕೂಡಿಸುವವರೆಗೆ ಬಿಡಲು ಮನಸ್ಸು ಬರಲಿಲ್ಲ.

“ಬಿಸಿ ಇರ್ಲಿಲ್ಲ. ವಾಸನೆ ಇಲ್ಲ, ಬೆಳಕಿಲ್ಲ. ಬಿಸಿಲಿಗೆ ಬಿದ್ದ ಕಲ್ಲಾದ್ರೂ ಕೈಗೆ ಚುರ್ ಅನ್ನುತ್ತೆ. ಅದು ಏನೂ ಅನ್ಲಿಲ್ಲ.”

ಶಶಿಕುಮಾರ್ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ, ಮಗುವಿಗೆ ಹೇಳುವಂತೆ, “ರೇಣುಕ, ಅದನ್ನ ಕೆಳಗೆ ಬಿಡು. ಬಿಟ್ಟು ನನ್ ಕಡೆ ಓಡಿ ಬಾ” ಅಂದರು. ಅವರ ಮುಖ ನೋಡಿಯೇ ಇವರಿಗೆ ಗೊತ್ತಾಯಿತು. ಆ ತುಣುಕನ್ನು ಮಾರನೆಯ ದಿನ ಪರಿಣತರು ಬಂದು ಉದ್ದನೆಯ ಇಕ್ಕಳದಿಂದ ಎತ್ತಿ ಸೀಸದ ಡಬ್ಬಿಗೆ ಹಾಕಿದರು.

ಆ ದಿನ ರಾತ್ರಿ ಒಮ್ಮೆ ವಾಂತಿಯಾಯಿತು. ಬೆರಳ ತುದಿಯಲ್ಲಿ ಜುಮುಜುಮು. ಎರಡು ದಿನಕ್ಕೆ ಅದೂ ಹೋಯಿತು. ಕೈ ಎಂದಿನಂತೇ ಇತ್ತು. ಗುತ್ತಿಗೆದಾರನ ಕಡೆಯವರು ಮನೆಗೆ ಹೋಗಿ ವಿಶ್ರಾಂತಿ ತಗೋ ಎಂದು ಕಳಿಸಿಬಿಟ್ಟರು. ಊರಿಗೆ ಬಂದು ಅಪ್ಪನ ಜೊತೆ ಗದ್ದೆಯಲ್ಲಿ ಕೆಲಸವನ್ನೂ ಮಾಡಿದರು. ಹತ್ತನೆಯ ದಿನ ಬೆರಳು ಕೆಂಪಾಗಿ ಊದಿದವು. ಆಮೇಲೆ ಗುಳ್ಳೆ ಎದ್ದವು, ಚರ್ಮ ಕಪ್ಪಾಯಿತು. ಹತ್ತಿರದ ಡಾಕ್ಟರು ಯಾವುದೋ ಹುಳ ಕಚ್ಚಿರಬೇಕು ಎಂದು ಮುಲಾಮು ಕೊಟ್ಟರು. ನೋವಿಗೆ ಮಗ ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುವುದನ್ನು ನೋಡಲಾರದೆ ಜಯಪ್ಪ ಕೊನೆಗೆ ಶಶಿಕುಮಾರ್‌ಗೆ ಫೋನ್ ಮಾಡಿದರು. ಶಶಿಕುಮಾರ್ ಯಾರನ್ನೂ ಕೇಳಲು ಹೋಗಲಿಲ್ಲ. ತಾವೇ ಕಾರು ಮಾಡಿಕೊಂಡು ಬಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು.

ಅಲ್ಲಿನ ಡಾಕ್ಟರಮ್ಮ ಅಪ್ಪ, ಅವ್ವ, ಮಗ ಮೂವರನ್ನೂ ಕೂರಿಸಿಕೊಂಡು ಹೇಳಿದ ಮಾತುಗಳು ರೇಣುಕಪ್ರಸಾದ್‌ಗೆ ಇವತ್ತಿಗೂ ಬಾಯಿಪಾಠ. ಮೈಯ ಪ್ರತಿಯೊಂದು ಜೀವಕೋಶದೊಳಗೂ ಎರಡು ಎಳೆ ಹೊಸೆದ ದಾರದಂಥದ್ದೊಂದು ಇದೆ, ಅದಕ್ಕೆ ಡಿಎನ್‌ಎ ಎನ್ನುತ್ತಾರೆ. ಚರ್ಮ ಹೇಗಿರಬೇಕು, ರಕ್ತ ಹೇಗಾಗಬೇಕು ಎಂಬುದೆಲ್ಲ ಅದರಲ್ಲೇ ಬರೆದಿದೆ. ವಿಕಿರಣ ಮೈಯೊಳಗೆ ಹಾಯುವಾಗ ಆ ದಾರವನ್ನು ತಾನೇ ಕಡಿಯುತ್ತದೆ, ಇಲ್ಲವೇ ಜೀವಕೋಶದಲ್ಲಿರುವ ನೀರನ್ನು ಒಡೆದು, ಆ ಒಡೆದ ಚೂರುಗಳು ದಾರವನ್ನು ಕಡಿಯುವಂತೆ ಮಾಡುತ್ತದೆ.

ಕತ್ತಾಳೆ ನಾರಿನಲ್ಲಿ ಹಗ್ಗ ಹೊಸೆಯುತ್ತ ಬೆಳೆದ ಜಯಪ್ಪ ಅಲ್ಲಿ ಮಾತು ತಡೆದು ಕೇಳಿದರಂತೆ: “ಒಂದೆಳೆ ಕಡಿದ್ರೆ ಇನ್ನೊಂದೆಳೆ ಹಿಡ್ಕಂಡಿರುತ್ತಲ್ಲ ತಾಯಿ, ಸೇರಿಸಬೋದಲ್ಲ?”

“ಅದನ್ನೇ ಮೈ ಮಾಡೋದು” ಅಂದರು ಡಾಕ್ಟರಮ್ಮ. “ದಿನಾ ಮಾಡುತ್ತೆ. ಬಿಸಿಲಿಗೆ ಹೋದರೂ ಅಲ್ಲಿಷ್ಟು ಇಲ್ಲಿಷ್ಟು ಕಡಿಯುತ್ತೆ, ಮೈ ಸರಿಮಾಡಿಕೊಳ್ಳುತ್ತೆ. ಎರಡೂ ಎಳೆ ಒಂದೇ ಕಡೆ ಕಡಿದುಹೋದಾಗ ಕಷ್ಟ. ಅದೂ ನೂರಾರು ಕಡೆ ಒಟ್ಟಿಗೇ ಆದರೆ, ಯಾವ ತುದಿ ಯಾವುದಕ್ಕೆ ಅಂತ ಗೊತ್ತಾಗದೆ ತಪ್ಪುತಪ್ಪಾಗಿ ಸೇರಿಬಿಡುತ್ತೆ. ಅಂಥ ಜೀವಕೋಶ ಒಂದೋ ಸಾಯುತ್ತೆ, ಇಲ್ಲಾಂದ್ರೆ ತಪ್ಪು ಬರಹ ಇಟ್ಟುಕೊಂಡೇ ಬದುಕುತ್ತೆ.”

ಹತ್ತು ದಿನ ಕೈ ಸುಮ್ಮನಿದ್ದದ್ದು ಯಾಕೆ ಎಂಬುದಕ್ಕೂ ಅಲ್ಲೇ ಉತ್ತರ ಸಿಕ್ಕಿತು. ಚರ್ಮದ ಮೇಲ್ಪದರ ದಿನಾ ಸವೆಯುತ್ತದೆ, ಅಡಿಯಲ್ಲಿರುವ ಜೀವಕೋಶಗಳು ಒಂದು ಎರಡಾಗಿ ಹೊಸ ಚರ್ಮ ಕಟ್ಟುತ್ತವೆ. ಒಂದು ಎರಡಾಗಬೇಕಾದರೆ ಡಿಎನ್‌ಎಯ ನಕಲು ಬೇಕು. ಅದೇ ಚಿಂದಿಯಾಗಿದ್ದರಿಂದ ಅಡಿಯ ಜೀವಕೋಶಗಳು ಸತ್ತವು. ಹಳೆಯ ಚರ್ಮ ಸವೆಯುವವರೆಗೆ ಕೈ ನೆಟ್ಟಗೆ ಕಂಡಿತು, ಆಮೇಲೆ ಬರಲು ಹೊಸದು ಇರಲಿಲ್ಲ. ಬೇಗ ಬೇಗ ಎರಡಾಗುವ ಜೀವಕೋಶಗಳಿಗೇ ವಿಕಿರಣದ ಪೆಟ್ಟು ಹೆಚ್ಚು ಎಂಬ ಮಾತನ್ನೂ ಅವರು ಅಂದೇ ಕೇಳಿದ್ದು. ರಕ್ತ ಹುಟ್ಟುವ ಜಾಗ, ಕರುಳು, ಹೊಟ್ಟೆಯೊಳಗಿನ ಕೂಸು.

ಅವರ ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಸೂಕ್ಷ್ಮದರ್ಶಕದ ಕೆಳಗೆ ವರ್ಣತಂತುಗಳನ್ನು ನೋಡುತ್ತಾರೆ. ಡಿಎನ್‌ಎಯ ದಾರ ಸುತ್ತಿಟ್ಟ ಉಂಡೆಗಳು ಅವು. ಸರಿಯಾದ ಉಂಡೆಗೆ ನಡುವೆ ಹಿಸುಕಿದಂತಿರುವ ಒಂದೇ ಸೊಂಟ. ಕಡಿದು ತಪ್ಪಾಗಿ ಕೂಡಿಕೊಂಡಿದ್ದಕ್ಕೆ ಎರಡು. ಅಂಥವು ಎಷ್ಟಿವೆ ಎಂದು ಎಣಿಸಿ ಇಡೀ ಮೈಗೆ ಎಷ್ಟು ವಿಕಿರಣ ತಾಗಿದೆ ಎಂದು ಅಂದಾಜು ಮಾಡುತ್ತಾರೆ. ಇವರ ಮೈಗೆ ತಾಗಿದ್ದು ಪ್ರಾಣಕ್ಕೆ ಬರುವಷ್ಟಿರಲಿಲ್ಲ. ಬೆರಳುಗಳಿಗೆ ಮಾತ್ರ ಅದರ ಎಷ್ಟೋ ಪಾಲು ಹೆಚ್ಚು.

ಬೆರಳು ತೆಗೆಯಬೇಕು ಎಂದಾಗ ಶಿವಮ್ಮ ಅಳಲಿಲ್ಲ. ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದರು. “ಅಂಗೈ ಉಳಿಸ್ಕೊಡಿ ತಾಯಿ. ಲಿಂಗ ಇಟ್ಕೊಳೋ ಕೈ ಅದು.”

ಅಂಗೈ ಉಳಿಯಿತು. ತೊಡೆಯ ಚರ್ಮ ತಂದು ಅದಕ್ಕೆ ಹೊಲಿದರು. ಗಾಯ ಮಾಯಲು ತಿಂಗಳುಗಳೇ ಹಿಡಿದವು. ಮಾದ ಮೇಲೆ ಮೊದಲ ಸಲ ಸ್ನಾನ ಮಾಡಿ, ಉಳಿದೆರಡು ಬೆರಳು ಮಡಚಿ ಇಷ್ಟಲಿಂಗವನ್ನು ಆ ಅಂಗೈ ಮೇಲಿಟ್ಟುಕೊಂಡು ಕೂತಾಗ ಲಿಂಗ ನಿಂತಿತು. “ಅವ್ವ ಬಾಗಿಲ ಹತ್ರ ನಿಂತು ನೋಡ್ತಿದ್ರು. ನಾನು ಕಣ್ಮುಚ್ಚಿದ್ದೆ, ಆದ್ರೂ ಗೊತ್ತಾಯ್ತು” ಎಂದು ಅವರು ನಗುತ್ತಾರೆ.

ಗಾಯ ಇನ್ನೂ ಮಾಯದಿರುವಾಗಲೇ, ಊರಿಗೆ ಬಂದವರಿಗೆ ಇನ್ನೊಂದು ಕಷ್ಟ ಕಾದಿತ್ತು. ರೇಣುಕನ ಮೈಯಲ್ಲಿ ವಿಕಿರಣ ಇದೆಯಂತೆ, ಹತ್ತಿರ ಹೋದರೆ ತಾಗುತ್ತದಂತೆ ಎಂಬ ಸುದ್ದಿ ಅವರಿಗಿಂತ ಮುಂಚೆಯೇ ಬಂದು ಕೂತಿತ್ತು. ಅಂಗಡಿಯಲ್ಲಿ ಲೋಟ ಬೇರೆಯಾಯಿತು. ಕ್ಷೌರದವರು ಇವತ್ತು ಪುರುಸೊತ್ತಿಲ್ಲ ಎಂದರು. ಅಪಘಾತಕ್ಕೆ ಮುಂಚೆ ಕೊಡ್ಲಿಪೇಟೆಯ ವಿನುತಾ ಎಂಬ ಹುಡುಗಿಯ ಜೊತೆ ಮದುವೆಯ ಮಾತಾಗಿತ್ತು. ಆ ಮನೆಯವರು ಸುಮ್ಮನಾದರು.

ಸುಮ್ಮನಾಗದೆ ಇದ್ದವರು ವಿನುತಾ ಒಬ್ಬರೇ. ಮುಂದಿನ ತಪಾಸಣೆಗೆ ರೇಣುಕಪ್ರಸಾದ್ ಬೆಂಗಳೂರಿಗೆ ಹೊರಟ ದಿನ, ತಮ್ಮ ಅಪ್ಪನನ್ನು ಎಳೆದುಕೊಂಡು ಅವರೂ ಆಸ್ಪತ್ರೆಗೆ ಬಂದರು. ಡಾಕ್ಟರಮ್ಮನ ಎದುರು ನಿಂತು ನೇರವಾಗಿ ಕೇಳಿದರು.

“ಇವರ ಕೈ ಹಿಡಿದ್ರೆ ನಂಗೇನಾದ್ರೂ ಆಗುತ್ತಾ?”

“ಏನೂ ಆಗಲ್ಲಮ್ಮ. ವಿಕಿರಣ ಇವರ ಮೈ ಹಾದು ಹೋಗಿದೆ. ಒಳಗೆ ಉಳಿದಿಲ್ಲ. ಬೆಂಕಿಯಿಂದ ಸುಟ್ಟವರನ್ನ ಮುಟ್ಟಿದ್ರೆ ನಮಗೆ ಸುಡುತ್ತಾ?”

“ಮಕ್ಕಳು?”

ಡಾಕ್ಟರಮ್ಮ ಮರೆಮಾಚಲಿಲ್ಲ. ವರ್ಷ ಕಳೆಯಲಿ, ಆಮೇಲೆ ಮಕ್ಕಳ ವಿಚಾರ ಮಾಡಿ ಎಂದರು. ಜಪಾನಿನಲ್ಲಿ ಬಾಂಬಿನ ವಿಕಿರಣಕ್ಕೆ ಸಿಕ್ಕಿ ಬದುಕುಳಿದವರಿಗೆ ಆಮೇಲೆ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಪರೀಕ್ಷಿಸಿದ್ದಾರೆ, ಬೇರೆಯವರ ಮಕ್ಕಳಿಗಿಂತ ಹೆಚ್ಚಿನ ದೋಷ ಕಂಡಿಲ್ಲ ಎಂದರು. ಇವರ ಮಟ್ಟಿಗೆ ಮಾತ್ರ, ಮುಂದೆ ಎಂದಾದರೂ ಕ್ಯಾನ್ಸರ್ ಬರುವ ಸಾಧ್ಯತೆ ಬೇರೆಯವರಿಗಿಂತ ತುಸು ಹೆಚ್ಚು, ಬಂದೇ ಬರುತ್ತದೆ ಎಂದಲ್ಲ, ವರ್ಷಕ್ಕೊಮ್ಮೆ ರಕ್ತ ತೋರಿಸುತ್ತಿರಬೇಕು ಎಂದೂ ಹೇಳಿದರು. ವಿನುತಾ ಎಲ್ಲವನ್ನೂ ಕೇಳಿಸಿಕೊಂಡು, ಅಪ್ಪನ ಎದುರಿಗೇ ಆ ಬ್ಯಾಂಡೇಜು ಸುತ್ತಿದ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಮಾತು ಅಲ್ಲಿಗೆ ಮುಗಿಯಿತು.

ಮಗಳು ದಿವ್ಯಶ್ರೀ ಹುಟ್ಟಿದ ದಿನದ ಬಗ್ಗೆ ವಿನುತಾ ಹೇಳುತ್ತಾರೆ: “ನರ್ಸಮ್ಮ ಮಗು ಕೈಗೆ ಕೊಟ್ರೆ ಇವ್ರು ಮುಖಾನೇ ನೋಡ್ಲಿಲ್ಲ. ಬೆರಳು ಎಣಿಸ್ತಾ ಕೂತ್ರು. ಕೈದು, ಕಾಲ್ದು. ಎರಡೆರಡು ಸಲ.” ದಿವ್ಯಶ್ರೀ ಈಗ ಐದನೇ ಕ್ಲಾಸು. ಅಪ್ಪನ ಹಾಗೆ ಅವಳ ಕೈಗೆ ಸಿಕ್ಕಿದ್ದೂ ಬಿಚ್ಚದೆ ಉಳಿಯುವುದಿಲ್ಲ.

ಮದುವೆಯ ನಂತರ ದಂಪತಿ ಕುಶಾಲನಗರದ ಕಡೆಗೆ ಬಂದರು. ರೇಣುಕಪ್ರಸಾದ್ ಈ ಆಸ್ಪತ್ರೆಗೆ ಸೇರಿದ್ದು ವಾರ್ಡಿನ ಸಹಾಯಕರಾಗಿ. ಎಕ್ಸ್‌ರೇ ಕೋಣೆಗೆ ಅಟೆಂಡರ್ ಬೇಕಾದಾಗ ಯಾರೂ ಮುಂದೆ ಬರಲಿಲ್ಲ. ಎಲ್ಲರಿಗೂ ಅಂಜಿಕೆ. ಪೊನ್ನಂಪೇಟೆ ಕಡೆಯ ಕಮಲ ಆಗ ತಾನೇ ಟೆಕ್ನೀಷಿಯನ್ ಆಗಿ ಬಂದಿದ್ದರು. ಅವರು ಇವರನ್ನು ಕೇಳಲು ಹಿಂಜರಿದರು. ಇವರೇ ಹೋಗಿ, ನಾನು ಬರ್ತೀನಿ ಮೇಡಂ ಅಂದರು.

ಶಿವಮ್ಮ ಕೆಲ ದಿನ ಮಗನ ಜೊತೆ ಮಾತು ಬಿಟ್ಟರು. “ಸುಟ್ಟ ಒಲೆಗೇ ಮತ್ತೆ ಕೈ ಹಾಕ್ತಾನೆ” ಎಂದು ಸೊಸೆಯ ಮುಂದೆ ಹೇಳಿಕೊಂಡರು. ಅವರ ಅಂಜಿಕೆ ಸುಳ್ಳೇನಾಗಿರಲಿಲ್ಲ. ಮೊದಲ ದಿನ ಕೆಂಪು ದೀಪ ಹತ್ತುತ್ತಿದ್ದಂತೆ ರೇಣುಕಪ್ರಸಾದ್‌ರ ಕಾಲು ತಾನೇ ತಾನಾಗಿ ನಡೆದು ಗೇಟಿನವರೆಗೆ ಹೋಗಿ ನಿಂತಿತ್ತು. “ಬೆವರು ಕಿತ್ಕೊಂಡು ಬಂದಿತ್ತು. ನಾನು ಬೈಲಿಲ್ಲ. ಟೀ ಕುಡಿದು ಬನ್ನಿ ಅಂದೆ” ಎನ್ನುತ್ತಾರೆ ಕಮಲ.

ಆ ಅಂಜಿಕೆ ಕಳೆದದ್ದು ಯಂತ್ರದ ತಪಾಸಣೆಗೆ ಇಂಜಿನಿಯರ್ ಬಂದ ದಿನ. ಅವರ ಕೈಯಲ್ಲಿ ಮೀಟರ್ ಇತ್ತು. ಒಮ್ಮೆ ಕೊಡ್ತೀರಾ ಸರ್ ಎಂದು ರೇಣುಕಪ್ರಸಾದ್ ಕೇಳಿ ಪಡೆದರು. ಮುಚ್ಚಿದ ಬಾಗಿಲ ಹೊರಗೆ ನಿಂತರು. ಒಳಗೆ ಎಕ್ಸ್‌ರೇ ನಡೆಯಿತು. ಮುಳ್ಳು ಅಲುಗಲಿಲ್ಲ. ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಇನ್ನೊಮ್ಮೆ ನೋಡಲು ಇಂಜಿನಿಯರ್ ತೋರಿಸಿಕೊಟ್ಟರು. ಮುಳ್ಳು ಎದ್ದಿತು. ಯಂತ್ರ ನಿಂತ ಕೂಡಲೇ ಮಲಗಿತು. “ಇದು ಕರೆಂಟಿಂದ ಹುಟ್ಟೋದು, ಸ್ವಿಚ್ ಆಫ್ ಮಾಡಿದ್ರೆ ಇಲ್ಲ. ಆ ಪೈಪ್ ಕೆಲಸದ ಚೂರಾದ್ರೆ ಸ್ವಿಚ್ಚೇ ಇಲ್ಲದ್ದು. ಅವತ್ತು ಅರ್ಥ ಆಯ್ತು, ನಾನು ಮಾಡಬೇಕಾದ್ದು ಒಂದೇ, ಬಾಗಿಲು ಸರಿಯಾಗಿ ಹಾಕೋದು.”

ಇಷ್ಟಾದರೂ, ಹೋದ ವರ್ಷ ಅವರ ಕೆಲಸವೇ ಕೈಬಿಟ್ಟು ಹೋಗುವುದರಲ್ಲಿತ್ತು. ಕಾರಣ ಅವರ ಕೈ.

ಕೂಡಿಗೆ ಕಡೆಯ ವಯಸ್ಸಾದ ರೈತ ನಂಜಪ್ಪನವರಿಗೆ ಎರಡು ತಿಂಗಳಿಂದ ಕೆಮ್ಮು. ಮೈ ಇಳಿದು ಅಂಗಿ ಜೋತುಬಿದ್ದಿತ್ತು. ಡಾಕ್ಟರು ಎದೆಯ ಎಕ್ಸ್‌ರೇ ಬರೆದುಕೊಟ್ಟಿದ್ದರು. ಬೆಂಚಿನ ಮೇಲೆ ಕಾಯುತ್ತ ಕೂತವರು ಬಾಗಿಲಲ್ಲಿದ್ದ ರೇಣುಕಪ್ರಸಾದ್‌ರ ಕೈ ನೋಡಿದರು. ಪಕ್ಕದವರಾರೋ, ಎಕ್ಸ್‌ರೇಯಿಂದಲೇ ಅವರಿಗೆ ಹಾಗಾಗಿದ್ದು ಎಂದರು. ಸರದಿ ಬಂದು ಹೆಸರು ಕೂಗುವಾಗ ಬೆಂಚಿನ ಮೇಲೆ ನಂಜಪ್ಪ ಇರಲಿಲ್ಲ. ಸುದ್ದಿ ಹಬ್ಬಿತು. ಆ ವಾರ ಇನ್ನೂ ಕೆಲವರು ಎದ್ದುಹೋದರು. ಆಸ್ಪತ್ರೆಯ ಮ್ಯಾನೇಜರ್ ಕರೆದು, ನಿಮ್ಮದೇನೂ ತಪ್ಪಿಲ್ಲ, ಆದರೂ ಒಂದನೇ ತಾರೀಕಿನಿಂದ ಸ್ಟೋರ್ ರೂಮಿಗೆ ಹೋಗಿಬಿಡಿ ಎಂದರು.

“ಆಯ್ತು ಸರ್ ಅಂದೆ. ಮನೆಗೆ ಬಂದು ಊಟ ಸೇರ್ಲಿಲ್ಲ” ಎನ್ನುತ್ತಾರೆ ರೇಣುಕಪ್ರಸಾದ್. “ಕೆಲಸ ಹೋಗ್ಲಿ. ನನ್ ಕೈ ನೋಡಿ ಒಬ್ಬ ಮನುಷ್ಯ ಕಾಯಿಲೆ ಇಟ್ಕೊಂಡು ಮನೇಲಿ ಕೂತವ್ನಲ್ಲ, ಅದು ತಡೀಲಿಲ್ಲ.”

ಭಾನುವಾರ ಸೈಕಲ್ ಹತ್ತಿ ನಂಜಪ್ಪನವರ ಮನೆ ಹುಡುಕಿಕೊಂಡು ಹೋದರು. ಜಗಲಿಯ ಮೇಲೆ ಕೆಮ್ಮುತ್ತ ಕೂತಿದ್ದ ನಂಜಪ್ಪ ಇವರನ್ನು ಕಂಡು ಮುಖ ತಿರುಗಿಸಿದರು. ಹೆಂಡತಿ ರಂಗಮ್ಮ ಒಳಗಿಂದ ನೀರು ತಂದುಕೊಟ್ಟರು. ರೇಣುಕಪ್ರಸಾದ್ ಕೈಯನ್ನು ಮುಚ್ಚಿಕೊಳ್ಳಲಿಲ್ಲ. ಮುಂದೆ ಚಾಚಿ, ಪೈಪ್‌ಲೈನಿನ ಆ ಸಂಜೆಯಿಂದ ಹಿಡಿದು ಎಲ್ಲವನ್ನೂ ಹೇಳಿದರು.

“ಬೀಡಿ ಹಚ್ಚೋ ಕಡ್ಡೀನೂ ಬೆಂಕೀನೆ, ಬೇಸಿಗೇಲಿ ಕಾಡು ಸುಡೋದೂ ಬೆಂಕೀನೆ. ನಂಗೆ ಬಿದ್ದಿದ್ದು ಕಾಡಿನ್ ಬೆಂಕಿ. ನಿಮ್ಗೆ ಎದೆ ಎಕ್ಸ್‌ರೇಲಿ ಬೀಳೋದು ಕಡ್ಡಿಯಷ್ಟೂ ಅಲ್ಲ. ಭೂಮಿಯಿಂದ, ಆಕಾಶದಿಂದ ಹೆಂಗೂ ನಮ್ ಮೈಗೆ ದಿನಾ ಚೂರು ಬೀಳ್ತಾನೇ ಇರುತ್ತೆ. ಈ ಫೋಟೋದಲ್ಲಿ ಬೀಳೋದು ಒಂದ್ ವಾರ ಹತ್ ದಿನ ಸುಮ್ನೆ ಓಡಾಡ್ಕೊಂಡಿದ್ರೆ ಬೀಳೋವಷ್ಟು, ಅಷ್ಟೇ ಅಂತೆ.”

ನಂಜಪ್ಪ ಇವರ ಕಡೆ ತಿರುಗಿ ಕೇಳಿದರು. “ಅಷ್ಟೇ ಅನ್ನಂಗಿದ್ರೆ, ನೀನ್ಯಾಕಪ್ಪ ಬಾಗಿಲಿಂದೆ ಅವುತ್ಕತೀಯ?”

ಆ ಪ್ರಶ್ನೆಯನ್ನು ರೇಣುಕಪ್ರಸಾದ್ ಇಂದಿಗೂ ಮೆಚ್ಚಿ ನೆನೆಯುತ್ತಾರೆ. “ನಿಮ್ಗೆ ಒಂದು ಹನಿ, ಅಜ್ಜ. ನಾನು ಒಳಗೆ ನಿಂತ್ರೆ ದಿನಾ ಐವತ್ತು ಅರವತ್ತು ಹನಿ, ವರ್ಷಗಟ್ಲೆ. ಬೇಕಾದೋರಿಗೆ ಬೇಕಾದಷ್ಟು ಬೀಳಲಿ. ಬೇಡದೋರಿಗೆ ಒಂದು ಹನೀನೂ ಬೇಡ.”

ರಂಗಮ್ಮ ಅಡುಗೆಮನೆಯ ಬಾಗಿಲಿಂದ ಅಂದರು. “ಕೇಳುಸ್ಕಂಡ್ರಾ? ನಾಳೀಕೆ ಹೊರಡಿ.”

ಸೋಮವಾರ ನಂಜಪ್ಪ ಬಂದರು. ಕೋಣೆಯೊಳಗೆ ಹೋದವರು ಯಂತ್ರದ ಎದುರು ನಿಂತು, ರೇಣುಕಪ್ರಸಾದ್‌ರ ತೋಳು ಹಿಡಿದುಕೊಂಡರು. “ನೀನೂ ಇಲ್ಲೇ ನಿಂತ್ಕ. ಏನೂ ಆಗದಿಲ್ಲ ಅಂದ್ಯಲ್ಲ.” ಒಪ್ಪಿಬಿಟ್ಟಿದ್ದರೆ ಸುಲಭವಿತ್ತು. ಮ್ಯಾನೇಜರ್ ಬೇರೆ ಕಾರಿಡಾರಿನಲ್ಲೇ ನಿಂತು ನೋಡುತ್ತಿದ್ದರು. ರೇಣುಕಪ್ರಸಾದ್ ತಲೆ ಅಲ್ಲಾಡಿಸಿದರು. “ಬೇಡದೆ ಒಬ್ರೂ ಒಳಗಿರಬಾರ್ದು ಅಜ್ಜ. ನಾನೇ ಆ ಮಾತು ಮುರಿದ್ರೆ ನಾಳೆ ಯಾರಿಗೆ ಹೇಳ್ಲಿ? ಬಾಗಿಲ ಆಚೆ ನಿಂತು ಮಾತಾಡ್ತಾ ಇರ್ತೀನಿ. ನನ್ ದನಿ ಕೇಳುಸ್ತಿರುತ್ತೆ.”

ಮುದುಕರ ಮುಖ ಗಂಟಾಯಿತು. ಆದರೆ ಕೈ ಬಿಟ್ಟರು. ಬಾಗಿಲು ಮುಚ್ಚಿತು. ಹೊರಗಿನಿಂದ ರೇಣುಕಪ್ರಸಾದ್ ಈ ಸಲದ ಜೋಳ ಹೆಂಗಾಯ್ತು, ಹಂದಿ ಕಾಟ ಎಷ್ಟಿದೆ ಎಂದು ಗಟ್ಟಿಯಾಗಿ ಕೇಳುತ್ತಲೇ ಇದ್ದರು. ಒಳಗಿಂದ ನಂಜಪ್ಪ ಉತ್ತರ ಕೊಡುತ್ತಿದ್ದರು. ಕಮಲ ಉಸಿರು ಬಿಗಿಹಿಡಿಯಿರಿ ಅಂದಾಗ ಮಾತ್ರ ಎರಡೂ ದನಿ ನಿಂತವು.

ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿತು. ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಖಚಿತವಾಯಿತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ರಂಗಮ್ಮನನ್ನೂ ಪರೀಕ್ಷೆ ಮಾಡಿದರು, ಅವರಿಗೇನೂ ಇರಲಿಲ್ಲ. ಆರು ತಿಂಗಳು ಮಾತ್ರೆ ನುಂಗಿ ನಂಜಪ್ಪ ಗುಣವಾದರು. ಈಗ ಅಂಗಿ ಮೈಗೆ ಸರಿಯಾಗಿ ಕೂರುತ್ತದೆ. ಕೊನೆಯ ಎಕ್ಸ್‌ರೇಗೆ ಬಂದ ದಿನ ಅವರು ಬೆಂಚಿನ ಮೇಲಿದ್ದ ಅಂಜುಬುರುಕರಿಗೆಲ್ಲ ಕಡ್ಡಿಯ ಬೆಂಕಿ, ಕಾಡಿನ ಬೆಂಕಿಯ ಲೆಕ್ಕ ಒಪ್ಪಿಸುತ್ತ ಕೂತಿದ್ದರಂತೆ. ಸ್ಟೋರ್ ರೂಮಿನ ಮಾತನ್ನು ಮ್ಯಾನೇಜರ್ ಮತ್ತೆ ಎತ್ತಲಿಲ್ಲ.

ಇವತ್ತಿಗೂ ವರ್ಷಕ್ಕೊಮ್ಮೆ ರೇಣುಕಪ್ರಸಾದ್ ಬೆಂಗಳೂರಿಗೆ ಹೋಗಿ ರಕ್ತ ಕೊಟ್ಟು ಬರುತ್ತಾರೆ. ಫಲಿತಾಂಶ ಬರುವವರೆಗೆ ವಿನುತಾ ಮನೆಯಲ್ಲಿ ಸುಮ್ಮನೆ ಒಂದಲ್ಲ ಒಂದು ಪಾತ್ರೆ ತಿಕ್ಕುತ್ತಲೇ ಇರುತ್ತಾರೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ. “ಮುಂದಿಂದು ಶಿವನಿಗೆ ಬಿಟ್ಟಿದ್ದು” ಎಂದು ರೇಣುಕಪ್ರಸಾದ್ ಮಾತು ಮುಗಿಸುತ್ತಾರೆ. ಗುತ್ತಿಗೆದಾರನ ಮೇಲೆ ಸಿಟ್ಟಿಲ್ಲವೇ ಎಂದರೆ ಇದೆ ಎನ್ನುತ್ತಾರೆ, ಅದನ್ನು ಬೆಳೆಸುವುದಿಲ್ಲ. ಶಶಿಕುಮಾರ್ ಈಗಲೂ ದೀಪಾವಳಿಗೆ ಫೋನ್ ಮಾಡುತ್ತಾರೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಆಸೆ ಏನಾದರೂ ಉಂಟೇ ಎಂದು ಕೇಳಿದರೆ ರೇಣುಕಪ್ರಸಾದ್ ಮೊದಲು ಎದ್ದುಹೋಗುತ್ತಾರೆ. ರೊಟ್ಟಿ ತಂದ ಡಬ್ಬಿಯನ್ನು ತೊಳೆದು, ಬೋರಲು ಹಾಕಿ, ಬಂದು ಕೂರುತ್ತಾರೆ.

“ನಾನ್ ಓದಿದ ಐಟಿಐಯೋರು ಒಂದ್ಸಲ ಕರೀಲಿ ಅಂತ ಆಸೆ. ಈಗಲೂ ನಮ್ ಕಡೆ ಹುಡುಗ್ರು ಅಂಥ ಕೆಲಸಕ್ಕೆ ಹೋಗ್ತಾರೆ. ಹೋಗ್ಲಿ, ಕೆಲಸ ಒಳ್ಳೇದೇ. ನಂಗೆ ಭಾಷಣ ಬರಲ್ಲ. ಅರ್ಧ ಗಂಟೆ ಸಾಕು. ಕೈ ತೋರಿಸ್ತೀನಿ, ಹೆಂಗಾಯ್ತು ಅಂತ ಹೇಳ್ತೀನಿ. ಅಷ್ಟು ಹುಡುಗ್ರಲ್ಲಿ ಒಬ್ಬ, ನಾಳೆ ಎಲ್ಲೋ ಕತ್ತಲಾಗೋ ಹೊತ್ನಲ್ಲಿ, ಮೇಸ್ತ್ರಿ ಅವಸರ ಮಾಡ್ತಾ ಇದ್ರೂ, ಬ್ಯಾಟರಿ ಇಲ್ಲ ಸರ್, ನಾನು ಮುಟ್ಟಲ್ಲ ಅಂತ ಹೇಳಿದ್ರೆ, ನನ್ ಬೆರಳು ಹೋಗಿದ್ದು ದಂಡ ಆಗ್ಲಿಲ್ಲ ಅನ್ಕೊತೀನಿ.”